ಇಪ್ಪತ್ತೇಳನೆಯ ಸೀಸೆ

ಕಸದ ಡಬ್ಬಿಗೆ ಹಾಕುವ ಮೊದಲು, ಕೈಗಂಟಿದ ಅಭ್ಯಾಸ, ಸೀಸೆಯನ್ನು ನೇರಳಾತೀತ ದೀಪದ ಕೆಳಗೆ ಹಿಡಿದರು ಮೇಡಂ. ತಳದಲ್ಲಿ ಒಣಗಿದ್ದ ಪುಡಿ ಹಚ್ಚಹಸಿರಾಗಿ ಹೊಳೆಯಿತು. ರಸಾಯನಶಾಸ್ತ್ರದ ಪ್ರಾಧ್ಯಾಪಕಿಯಾಗಿ ಅವರಿಗೆ ಉಳಿದಿದ್ದು ಇನ್ನೆರಡೇ ದಿನ. ಪ್ರಯೋಗಾಲಯದ ಬೀರು ಖಾಲಿ ಮಾಡುತ್ತಿದ್ದರು. ಸೀಸೆಯ ಚೀಟಿಯಲ್ಲಿ ಅಣ್ಣನ ಮಗಳ ಗುಂಡನೆಯ ಅಕ್ಷರ: ಇಪ್ಪತ್ತೇಳು.

ಹನ್ನೊಂದು ವರ್ಷದ ಹಿಂದೆ ಆ ಹುಡುಗಿ ಅವರ ಕೈಕೆಳಗೇ ಸಂಶೋಧನೆ ಮಾಡುತ್ತಿದ್ದಳು. ಬೆಳಕು ಕೊಡುವ ಅಣು ಚಪ್ಪಟೆಯಾಗಿರಬೇಕು ಎಂಬುದು ಮೇಡಂ ಹಿಡಿದ ಹಟ. ಇಪ್ಪತ್ತೇಳನೆಯ ಪ್ರಯತ್ನದಲ್ಲಿ ಹುಡುಗಿ ಮಾಡಿದ್ದು ಫ್ಯಾನಿನಂಥ ಅಣು, ನಾಲ್ಕು ರೆಕ್ಕೆಯದು. ಕರಗಿಸಿ ದೀಪ ಹಿಡಿದರೆ ಬರೀ ಕತ್ತಲೆ.

"ಒಣಗಿದ್ಮೇಲೆ ಒಂದ್ಸಲ ನೋಡೋಣ ಅತ್ತೆ," ಎಂದಳು.

ಸುತ್ತ ಉಳಿದ ವಿದ್ಯಾರ್ಥಿಗಳಿದ್ದರು. ಅತ್ತೆಯ ದಯೆಯಿಂದ ಸೀಟು ಸಿಕ್ಕಿತೆಂದು ಮೊದಲೇ ಗುಸುಗುಸು. ಈಚಲ ಮರದ ಕೆಳಗೆ ಕೂತು ಮಜ್ಜಿಗೆ ಕುಡಿದರೂ ಜನ ಹೆಂಡವೆಂದೇ ಅನ್ನುತ್ತಾರೆ. ಬೇರೆ ಯಾರು ಕೇಳಿದ್ದರೂ ಮೇಡಂ ಒಪ್ಪುತ್ತಿದ್ದರು.

"ಇಲ್ಲಿ ಅತ್ತೆ ಯಾರೂ ಇಲ್ಲ, ಮೇಡಂ ಅನ್ನು. ಬೆಳಕಿಲ್ಲ ಅಂದ್ರೆ ಇಲ್ಲ. ತೊಳೆದಿಡು."

ಮೂರು ತಿಂಗಳಲ್ಲಿ ಹುಡುಗಿ ಸಂಶೋಧನೆ ಬಿಟ್ಟಳು. ಆಮೇಲೆ ಮನೆಯಲ್ಲಿ, ಮದುವೆಗಳಲ್ಲಿ, ಎಲ್ಲೇ ಸಿಕ್ಕಿದರೂ "ಮೇಡಂ" ಎಂದೇ ಕರೆದಳು. ನೆಂಟರು ತಮಾಷೆಯೆಂದು ನಕ್ಕರು. ಮೇಡಂ ಕೂಡ ನಕ್ಕಿದ್ದರು.

ಕೆಲವು ವರ್ಷ ಕಳೆದು ಎಲ್ಲಿಯವರೋ ಅಂಥದ್ದೇ ಅಣುವಿನ ಗುಟ್ಟು ಬಿಡಿಸಿದರು. ಕರಗಿದಾಗ ರೆಕ್ಕೆಗಳು ತಿರುಗಿ ತಿರುಗಿ ಶಕ್ತಿಯೆಲ್ಲ ಬಿಸಿಯಾಗಿ ವ್ಯರ್ಥವಾಗುತ್ತದೆ. ಗಟ್ಟಿಯಾದಾಗ ಒಂದಕ್ಕೊಂದು ಒತ್ತಿಕೊಂಡು, ತಿರುಗಲು ಜಾಗವಿಲ್ಲದೆ, ಅದೇ ಶಕ್ತಿ ಬೆಳಕಾಗಿ ಬರುತ್ತದೆ. ಮೇಡಂ ಪ್ರತಿ ವರ್ಷ ಫ್ಯಾನಿನ ಚಿತ್ರ ಬರೆದು ಈ ಪಾಠ ಮಾಡುತ್ತಿದ್ದರು. ಆಗ ಹುಡುಗಿ ನೆನಪಾಗಲಿಲ್ಲ ಎಂದರೆ ಸುಳ್ಳು. ನೆನಪಾದಾಗಲೆಲ್ಲ ಬೋರ್ಡು ಒರೆಸಿ ಮುಂದಕ್ಕೆ ಹೋಗಿದ್ದರು.

ಈಗ ಹೋಗಲಾಗಲಿಲ್ಲ. ಸೀಸೆ ಹಿಡಿದು ಅಣ್ಣನ ಮಗಳು ಕೆಲಸ ಮಾಡುವ ಪೇಂಟ್ ಅಂಗಡಿಗೆ ನಡೆದರು. ಅವಳು ಗೋಡೆಯ ಬಣ್ಣ ಬೆರೆಸುತ್ತಿದ್ದಳು, ಮೊಣಕೈವರೆಗೂ ನೀಲಿ.

"ಇದು ಹೊಳೆಯತ್ತೆ ಕಣೇ," ಎಂದರು.

"ಗೊತ್ತು ಮೇಡಂ. ಅವತ್ತು ಸಂಜೆನೇ ನೋಡಿದ್ದೆ. ತೊಳೆಯೋಕೆ ಮನಸ್ಸು ಬರ್ಲಿಲ್ಲ. ನೀವು ದಿನಾ ತೆಗೆಯೋ ಬೀರುನಲ್ಲೇ, ಮುಂದೆ ಇಟ್ಟೆ. ಕಣ್ಣಿಗೆ ಬೀಳತ್ತೆ ಅಂತ."

ಮೇಡಂಗೆ ನೆನಪಾಯಿತು. ಕೈಗೆ ಅಡ್ಡ ಬರುತ್ತದೆಂದು ತಾವೇ ಅದನ್ನು ಹಿಂದಕ್ಕೆ ತಳ್ಳಿದ್ದರು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

"ನಂದೇ ತಪ್ಪು," ಎಂದರು. "ಒಂದ್ಸಲ ಅತ್ತೆ ಅನ್ನೇ."

ಹುಡುಗಿ ಅವರನ್ನೇ ನೋಡಿದಳು. ಅಷ್ಟರಲ್ಲಿ ಗಿರಾಕಿಯೊಬ್ಬರು ತಮ್ಮ ಬಣ್ಣ ಆಯಿತೇ ಎಂದು ಕೇಳಿದರು. ಅವಳು ಡಬ್ಬಿಯನ್ನು ಬಣ್ಣ ಕಲಕುವ ಯಂತ್ರಕ್ಕೆ ಸಿಕ್ಕಿಸಿ, ಸ್ಟೂಲೊಂದನ್ನು ಎಳೆದು ತನ್ನ ಏಪ್ರನ್ನಿನಿಂದಲೇ ಒರೆಸಿದಳು.

"ಕೂತ್ಕೊಳ್ಳಿ ಮೇಡಂ," ಎಂದಳು, ಮೆತ್ತಗೆ.

ಮೇಡಂ ಕೂತರು. ಯಂತ್ರದೊಳಗೆ ಡಬ್ಬಿ ಗಡಗಡ ತಿರುಗುತ್ತಿತ್ತು. ಸೀಸೆಯನ್ನು ಮುಷ್ಟಿಯಲ್ಲಿ ಹಿಡಿದು ಯಂತ್ರ ನಿಲ್ಲುವುದನ್ನೇ ಕಾದರು.