ಐದನೇ ಗುಂಡು

ನಾಲ್ಕು ಗುಂಡುಗಳು ಒಂದು ರೂಪಾಯಿ ನಾಣ್ಯದಡಿ ಮುಚ್ಚಿಹೋಗುವಷ್ಟು ಒತ್ತಟ್ಟಿಗೆ ಬಿದ್ದಿದ್ದವು. ಐದನೆಯದು ಮಾತ್ರ ಬಲಕ್ಕೆ ನಾಲ್ಕು ಬೆರಳು ದೂರ ಹೋಗಿ ಕೂತಿತ್ತು. ಧರ್ಮಣ್ಣ ಟಾರ್ಗೆಟ್ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿ, ಕಿವಿಯ ಮಫ್ ತೆಗೆದು ಕೊರಳಿಗೆ ಇಳಿಸಿಕೊಂಡ. ಐದು ದಿನದಿಂದ ಇದೇ ಹಣೆಬರಹ.

ವಾಡಿ ರಸ್ತೆಯ ಬದಿಗೆ, ಮುಚ್ಚಿಹೋದ, ನೆಲಕ್ಕೆ ಹಾಸುವ ಫರಸಿ ಕಲ್ಲಿನ ಪಾಲಿಶ್ ಶೆಡ್ಡಿನಲ್ಲಿ ನಡೆಯುವ ಶೂಟಿಂಗ್ ಕ್ಲಬ್ಬಿಗೆ ಅವನೇ ಕೋಚ್, ಅವನೇ ಮಿಸ್ತ್ರಿ, ಕಸ ಹೊಡೆಯುವವನೂ ಅವನೇ. ಗಡಿ ಪಡೆಯಲ್ಲಿ ಇಪ್ಪತ್ತೆರಡು ವರ್ಷ ಬಂದೂಕು ರಿಪೇರಿ ಮಾಡಿ ಬಂದವನು. ಕ್ಲಬ್ಬಿನ ಲೈಸೆನ್ಸಿನಲ್ಲಿ ಪಾಯಿಂಟ್ ಟೂ ಟೂ ಪಿಸ್ತೂಲು ಒಂದಕ್ಕಷ್ಟೇ ಜಾಗ. ಕಳೆದ ತಿಂಗಳು ಮಕ್ಕಳಿಗೆ ಹೊಡೆದು ತೋರಿಸುವಾಗ ಧರ್ಮಣ್ಣನ ಗುಂಡೊಂದು ಹಾಳೆಯನ್ನೇ ಬಿಟ್ಟು ಹೋಗಿತ್ತು. ಅದನ್ನು ನೋಡಿದ ಕಾರ್ಯದರ್ಶಿ ದೇವಾನಂದ ಹೊಸ ಪಿಸ್ತೂಲೊಂದನ್ನು ಪರೀಕ್ಷೆಗೆಂದು ತರಿಸಿದ.

"ಎರಡೂ ಹೊಡದು ನೋಡ್ರಿ ಧರ್ಮಣ್ಣೋರ. ಹಳೇದು ಖರಾಬ್ ಆಗಿತ್ತಂದ್ರ ಅದನ್ನ ಕಳಸಮು. ಅದು ಚಲೋ ಅದ ಅಂದ್ರ ಮತ್ತ, ನಿಮ್ಮ ಕೈ ಖರಾಬ್ ಆಗ್ಯಾವ ಅಂತ ತಿಳ್ಕೊಂಡು ಬ್ಯಾರೆ ಕೋಚ್ ನೋಡಬೇಕಾಗ್ತದ."

ನಗುತ್ತಲೇ ಹೇಳಿದ್ದ. ಅವನಿಗೆ ಅದು ನಗುವ ಮಾತು. ಧರ್ಮಣ್ಣನಿಗೆ ಅಲ್ಲ.

ಹೊಸದರ ಟ್ರಿಗರ್ ಮೆತ್ತಗೆ ಬಿಡುತ್ತಿತ್ತು, ಗುರಿ ತಿದ್ದುವ ತಿರುಪು ಒಂದೊಂದು ಗೀರಿಗೂ ಟಕ್ಕೆನ್ನುತ್ತಿತ್ತು. ಆದರೆ ಮೂತಿ ಹಗುರ, ಹತ್ತು ಗುಂಡಿಗೊಮ್ಮೆ ಖಾಲಿ ತೋಟಾ ಒಳಗೇ ಸಿಕ್ಕಿಕೊಳ್ಳುತ್ತಿತ್ತು. ಐದು ಗುಂಡು ಮುಚ್ಚಲು ಒಂದು ಬಿಸ್ಕೀಟು ಬೇಕು. ಹಳೆಯದು ಭಾರ, ಬಣ್ಣ ಹೋಗಿದೆ; ಆದರೂ ದಿನವೂ ನಾಲ್ಕು ಗುಂಡನ್ನು ಒಂದೇ ನಾಣ್ಯದಡಿ ಕೂರಿಸುತ್ತದೆ, ತಪ್ಪುವುದು ಐದನೆಯದೊಂದೇ. ಅದರ ಮರದ ಹಿಡಿಯನ್ನು ಧರ್ಮಣ್ಣ ಎರಡು ವರ್ಷ ಅರದಿಂದ ಉಜ್ಜಿ ಉಜ್ಜಿ ಲುಂಬಿನಿಯ ಅಂಗೈಗೆ ಕೂಡಿಸಿದ್ದ. ಅವಳು ಅವನ ಶಿಷ್ಯೆ, ಚಿತ್ತಾಪುರದಿಂದ ಬರುವ ನರ್ಸಿಂಗ್ ಓದುವ ಹುಡುಗಿ. ಮುಂದಿನ ತಿಂಗಳು ರಾಜ್ಯ ಸ್ಪರ್ಧೆ. ಬೇರೆ ಹಿಡಿಯಲ್ಲಿ ಅವಳು ಹೊಡೆಯುವುದೆಂದರೆ ಮತ್ತೊಬ್ಬರ ಚಪ್ಪಲಿ ಮೆಟ್ಟಿಕೊಂಡು ಓಡಿದಂತೆ.

ಇಷ್ಟೆಲ್ಲ ಗೊತ್ತಿದ್ದೂ ಧರ್ಮಣ್ಣನಿಗೆ ಹಳೆಯದೇ ಕೆಟ್ಟಿರಲಿ ಅನ್ನಿಸುತ್ತಿತ್ತು. ಹಾಗನ್ನಿಸಿದ್ದಕ್ಕೆ ನಾಚಿಕೆಯೂ ಆಗುತ್ತಿತ್ತು. ಅರವತ್ತಮೂರಕ್ಕೆ ಮನೆ ಹಿಡಿದರೆ ಹೆಂಡತಿ ಸಾಬಮ್ಮ ಬೆಳಗಾದರೆ ತೊಗರಿಬೇಳೆ ಆರಿಸಲು ಕೂರಿಸುತ್ತಾಳೆ. ಅದಕ್ಕಿಂತ ಹೆಚ್ಚಾಗಿ, ಈ ಶೆಡ್ಡು ಬಿಟ್ಟರೆ ಅವನಿಗೆ ಹೋಗಲು ಜಾಗವಿರಲಿಲ್ಲ.

ಲುಂಬಿನಿ ರಿಜಿಸ್ಟರ್ ತಿರುವಿ ಹಾಕುತ್ತಿದ್ದಳು. ಧರ್ಮಣ್ಣ ಪಿಸ್ತೂಲನ್ನು ಫರಸಿ ಕಲ್ಲಿನ ಮೇಲಿನ ಮರಳಿನ ಚೀಲಕ್ಕೆ ಆನಿಸಿ ಹೊಡೆದು, ಪ್ರತಿ ಗುಂಡಿಗೂ ಗಡಿಯಾರ ನೋಡಿ ಹೊತ್ತು ಬರೆಯುವವನು. ಎರಡು ನಿಮಿಷಕ್ಕೊಂದು ಗುಂಡು, ಹೆಚ್ಚಿಲ್ಲ, ಕಡಿಮೆಯಿಲ್ಲ.

"ಸರ್, ಹೊಸದು ದಿನಾ ಮುಂಜಾನಿ ಹೊಡದೀರಿ. ಹಳೇದು ಊಟ ಆದ ಮ್ಯಾಲ. ಐದನೇ ಗುಂಡಿಂದು ಟೈಮ್ ನೋಡ್ರಿ. ದಿನಾ ಒಂದೂವರಿ ಅದ."

"ಒಂದೂವರಿಗಿ ಏನದ?"

ಇಬ್ಬರೂ ಯೋಚಿಸಿದರು. ಹುಟ್ಟಿದಾಗಿನಿಂದ ಕೇಳಿದ ಸದ್ದು. ಹಾಗಾಗಿಯೇ ನೆನಪಾಗಲು ಹೊತ್ತು ಹಿಡಿಯಿತು.

"ಖಣಿ ಬ್ಲಾಸ್ಟಿಂಗ್ರಿ," ಅಂದಳು ಲುಂಬಿನಿ.

ಸುಣ್ಣಕಲ್ಲಿನ ಖಣಿಯಲ್ಲಿ ದಿನವೂ ಆ ಹೊತ್ತಿಗೆ ಸಿಡಿಮದ್ದು ಹಾರಿಸುತ್ತಾರೆ. ಈ ಕಡೆ ಅದಕ್ಕೆ ಯಾರೂ ತಲೆ ಎತ್ತುವುದಿಲ್ಲ. ಧರ್ಮಣ್ಣನ ಮುಖ ಐದು ದಿನದ ಮೇಲೆ ಸಡಿಲಾಯಿತು.

"ಅಂದ್ರ ಕಲ್ಲು ನಡಗ್ತದ. ಪಿಸ್ತೂಲಿಂದೂ ತಪ್ಪಿಲ್ಲ, ಕೈದೂ ತಪ್ಪಿಲ್ಲ. ನಾಳಿ ನೀನೇ ಹೊಡದು ನೋಡು."

ಮರುದಿನ ಅದೇ ಫರಸಿ ಕಲ್ಲಿನ ಮೇಲೆ ಅದೇ ಮರಳಿನ ಚೀಲವಿಟ್ಟು, ಗುಂಡಿನ ಹೊಸ ಡಬ್ಬಿ ಒಡೆದು, ಲುಂಬಿನಿ ಹಳೆಯ ಪಿಸ್ತೂಲು ಹಿಡಿದು ಕೂತಳು. ಅವಳ ಚಹಾದ ಕಪ್ಪು ಕಲ್ಲಿನ ತುದಿಯಲ್ಲಿತ್ತು. ಧರ್ಮಣ್ಣ ತನ್ನ ಕಪ್ಪು ಹಿಡಿದು ಹಿಂದೆ ನಿಂತ. ನಾಲ್ಕು ಗುಂಡಾದವು. ಒಂದೂವರೆಗೆ ದೂರದಲ್ಲಿ ಧಡ್ ಎಂದಿತು, ಶೆಡ್ಡಿನ ತಗಡು ಅದುರಿತು, ಅವಳು ಟ್ರಿಗರ್ ಒತ್ತಿದಳು. ಅವನು ದುರ್ಬೀನಿಗೆ ಕಣ್ಣು ಹಚ್ಚಿ ನೋಡಿದ. ಐದೂ ಒಂದು ರೂಪಾಯಿಯಡಿ.

ಆಮೇಲೆ ಮುಂಗೈ ಬಿಸಿಯಾದದ್ದು ಗೊತ್ತಾಯಿತು. ಕಪ್ಪಿನಲ್ಲಿ ಅರ್ಧ ಚಹಾ ಮಾತ್ರ ಉಳಿದಿತ್ತು, ಮಿಕ್ಕಿದ್ದು ಅಂಗಿಯ ಮೇಲೆ. ಕಲ್ಲಿನ ಮೇಲಿದ್ದ ಅವಳ ಚಹಾ ಒಂದು ಹನಿಯೂ ತುಳುಕಿರಲಿಲ್ಲ. ಧಡ್ ಎಂದಾಗ ಬೆಚ್ಚಿದ್ದು ಕಲ್ಲಲ್ಲ, ಅವನ ಕೈ. ಅವಳ ಬೆನ್ನು ಇತ್ತ ಇತ್ತು. ಅವನು ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ.

"ಕಲ್ಲು ನಡಗಲಿಲ್ರಿ ಸರ್," ಅಂದಳು ತಿರುಗಿ. "ಹಂಗಾದ್ರ ನಿನ್ನಿ ಡಬ್ಬ್ಯಾಗಿನ ಗುಂಡೇ ಖರಾಬ್ ಇರಬೇಕು. ಹಂಗೇ ಬರದುಬಿಡ್ರಿ."

ಯಾರೂ ಕೇಳುವವರಿರಲಿಲ್ಲ. ಆದರೆ ಆ ಜಾತಿಯ ಡಬ್ಬಿಗಳು ಕಪಾಟಿನಲ್ಲಿ ಇನ್ನೂ ಆರಿದ್ದವು. ಸ್ಪರ್ಧೆಗೆ ಅವಳು ಒಯ್ಯಬೇಕಾದವು ಅವೇ. ಹಾಗೆ ಬರೆದರೆ ಅಲ್ಲಿ ಪ್ರತಿ ಗುಂಡನ್ನೂ ಅನುಮಾನಪಟ್ಟುಕೊಂಡೇ ಹೊಡೆಯುತ್ತಾಳೆ.

ಧರ್ಮಣ್ಣ ರಿಜಿಸ್ಟರ್ ಎಳೆದುಕೊಂಡು ಬರೆದ. ಹಳೆಯ ಪಿಸ್ತೂಲು ಉತ್ತಮ, ಅದನ್ನೇ ಇಟ್ಟುಕೊಳ್ಳಬೇಕು. ಗುಂಡುಗಳಲ್ಲಿ ದೋಷವಿಲ್ಲ. ಐದನೇ ಗುಂಡು ತಪ್ಪಿದ ಕಾರಣ ಎಂಬಲ್ಲಿ ಪೆನ್ನು ನಿಂತಿತು. ತುಂಬಾ ದಣಿವಾಗಿತ್ತು. ಆಮೇಲೆ "ಪರೀಕ್ಷಕನ ಕೈ" ಎಂದು ಬರೆದು ಸಹಿ ಹಾಕಿದ.

ಲುಂಬಿನಿ ಬಗ್ಗಿ ಓದಿದಳು. ಅವನ ಅಂಗಿ ನೋಡಿದಳು.

"ಇದನ್ನ ಬರೀಲಿಲ್ಲಂದ್ರೂ ನಡೀತಿತ್ತಲ್ರಿ ಸರ್."

"ಹೆಬ್ಬೆರಳಿನ ಬಾಜೂಕ ಹಿಡಿ ಇನ್ನಾ ಚುಚ್ಚತದೇನು?"

"...ಸ್ವಲ್ಪ ಚುಚ್ಚತದ್ರಿ."

"ತಾ ಇಲ್ಲಿ. ನನ್ನ ಹಿಂದ ಬರೋ ಕೋಚಿಗಿ ಇದು ತಿಳಿಯಂಗಿಲ್ಲ."

ಪಿಸ್ತೂಲಿನಿಂದ ಹಿಡಿ ಬಿಚ್ಚಿಕೊಂಡು, ಅರ ತೆಗೆದುಕೊಂಡು ಅವನು ಬಾಗಿಲ ಬೆಳಕಿಗೆ ಕೂತ. ಹಿಡಿಯನ್ನು ಎರಡು ಮೊಣಕಾಲಿನ ನಡುವೆ ಒತ್ತಿಕೊಂಡು ಸಾವಕಾಶ ಉಜ್ಜತೊಡಗಿದ. ಮರದ ಪುಡಿ ಉದುರಿ ಅಂಗಿಯ ಹಸಿ ಕಲೆಯ ಮೇಲೆ ಅಂಟಿಕೊಳ್ಳುತ್ತಿತ್ತು.