ಒಂದೆಳೆ ಕೆಳಗಿನ ಶ್ರುತಿ

ಕಂಪ್ಯೂಟರಿನ ಪರದೆಯ ನಡುವೆ ಸಣ್ಣ ಚೌಕವೊಂದು ಮೂಡಿ, ಬೇಕಾದ ಫೈಲು ಸಿಗುತ್ತಿಲ್ಲವೆಂದು ಇಂಗ್ಲಿಷಿನಲ್ಲಿ ತಕರಾರು ತೆಗೆಯಿತು. ಹುಲುಗೇಶನ ಮುಖ ಸಪ್ಪಗಾಯಿತು. ಹೊಸಪೇಟೆಯಲ್ಲಿ ಅದಿರು ಲಾರಿಗಳ ಸಾಲು ದಾಟಿ, ತಲೆಯಿಂದ ಕಾಲಿನತನಕ ಧೂಳಿಗೆ ಕೆಂಪಾಗಿ ಕಂಪ್ಲಿಗೆ ಬಂದದ್ದು ಈ ಚೌಕ ನೋಡಲಿಕ್ಕೇನು?

"ಹಾಡಂಗಿಲ್ಲೇನು ಅದು?" ಎಂದಳು ಮಂಚದ ಮೇಲಿದ್ದ ಎರ್ರೆಮ್ಮ.

"ಬರೋ ಐತಾರ ಹಾಡ್ತೈತಿ, ಅತ್ತಿ."

"ನೀ ಹೇಳ್ತಿ, ಅದು ಕೇಳಬೇಕಲ್ಲ" ಎಂದು ಅವಳು ಗೋಡೆ ಕಡೆ ಹೊರಳಿದಳು.

ಎರ್ರೆಮ್ಮ ಅವನ ಸೋದರತ್ತೆ, ತಾಯಿಯಿಲ್ಲದವನನ್ನು ಸಾಕಿದವಳು. ಬಯಲಾಟದಲ್ಲಿ ಬೆಳಗಿನತನಕ ಹಾಡುತ್ತಿದ್ದವಳು, ಶ್ರುತಿ ಪೆಟ್ಟಿಗೆ ಕೆಟ್ಟ ದಿನದಿಂದ ಬಾಯಿಗೆ ಬೀಗ ಹಾಕಿಕೊಂಡಿದ್ದಳು. ಹಳೆಯ ಪೆಟ್ಟಿಗೆಯ ಶ್ರುತಿ ವರ್ಷಗಳಿಂದ ಇಳಿಯುತ್ತ ಇಳಿಯುತ್ತ ಎರಡು ಸ್ವರಗಳ ನಡುವೆ ಎಲ್ಲೋ ನಿಂತಿತ್ತು, ಅವಳ ಗಂಟಲೂ ಅದರ ಜೊತೆಗೇ ಇಳಿದಿತ್ತು. ಅಂಗಡಿಯ ಹೊಸ ಪೆಟ್ಟಿಗೆಗಳನ್ನೆಲ್ಲ "ಒಂದೆಳಿ ಮ್ಯಾಲೈತಿ" ಎಂದು ಹಿಂದಕ್ಕೆ ಕಳಿಸಿದಳು. ಹಾಡು ಹೋದ ಮೇಲೆ ಊಟವೂ ಕಡಿಮೆಯಾಗಿತ್ತು. ಹೀಗೇ ಬಿಟ್ಟರೆ ಅತ್ತೆ ಉಳಿಯುವುದಿಲ್ಲವೆಂದು ಹುಲುಗೇಶನಿಗೆ ಹೆದರಿಕೆ.

ಹೊಸಪೇಟೆಯ ಲಾರಿ ಆಫೀಸಿನಲ್ಲಿ ದುಡಿಯುವ ಅವನ ಕೋಣೆಯ ಕಂಪ್ಯೂಟರಿನಲ್ಲಿ ಯಂತ್ರ ನಡೆಸಲು ವಿಂಡೋಸ್ ಬದಲು ಲಿನಕ್ಸ್ ಇತ್ತು; ಅದರಲ್ಲಿ ಯಾರೋ ಪುಣ್ಯಾತ್ಮರು ಬರೆದು ಜಗತ್ತಿಗೆಲ್ಲ ಬಿಟ್ಟುಕೊಟ್ಟ, ಶ್ರುತಿ ನುಡಿಸುವ ತಂತ್ರಾಂಶ. ಒಳಗಿನ ಬರಹವೆಲ್ಲ ತೆರೆದೇ ಇತ್ತು. ಸ್ವರದ ಎತ್ತರ ಹೇಳುವ ಅಂಕಿಯನ್ನು ಅವನು ಚೂರುಚೂರೇ ಇಳಿಸಿ, ಕಣ್ಣು ಮುಚ್ಚಿ ಕೇಳುತ್ತ ಹೋದ. ಚಿಕ್ಕವನಿದ್ದಾಗ ಆ ಪೆಟ್ಟಿಗೆಯ ಪಕ್ಕದಲ್ಲೇ ಮಲಗಿ ಬೆಳೆದವನು. ಒಂದು ಅಂಕಿಗೆ ತಲೆ ತಾನಾಗಿ ತೂಗಿ, ಕಣ್ಣಿಗೆ ಜೊಂಪು ಹತ್ತಿತು. ಇದೇ ಎಂದುಕೊಂಡು ಅಲ್ಲಿಗೆ ನಿಲ್ಲಿಸಿದ.

ಆದರೆ ಕಂಪ್ಲಿಯ ಮನೆಯಲ್ಲಿದ್ದದ್ದು ವಿಂಡೋಸ್. "ಅದನ್ನ ತೆಗಿಬ್ಯಾಡಪ್ಪ, ನನ್ನ ಟೈಪಿಂಗ್ ಕೆಲಸ ಎಲ್ಲಾ ಅದ್ರಾಗೈತಿ" ಎಂದಿದ್ದಳು ಎರ್ರೆಮ್ಮನ ಸೊಸೆ ರೇಣುಕಾದೇವಿ. ಹಾಗಾಗಿ ಲಿನಕ್ಸಿನಲ್ಲೇ ಕೂತು ಆ ಬರಹವನ್ನು ವಿಂಡೋಸಿನಲ್ಲಿ ಓಡುವ ಫೈಲಾಗಿ ಕಂಪೈಲ್ ಮಾಡಿ, ಲಿನಕ್ಸಿಗೇ ವಿಂಡೋಸಿನ ವೇಷ ಕಟ್ಟಿಸಿ ಓಡಿಸಿಯೂ ನೋಡಿದ್ದ. ಅಲ್ಲಿ ಓಡದೆ ಏನು? ಧ್ವನಿಗೆ ಬೇಕಾದ ಲೈಬ್ರರಿ ಫೈಲು ಅವನ ಯಂತ್ರದಲ್ಲಿ ಇದ್ದೇ ಇತ್ತು. ಕಂಪ್ಲಿಗೆ ಬರುವಾಗ ಅದನ್ನು ಜೊತೆಗೆ ಕಟ್ಟಿಕೊಳ್ಳುವುದನ್ನೇ ಜಾಣ ಮರೆತಿದ್ದ.

ಮುಂದಿನ ಭಾನುವಾರ ಮಧ್ಯಾಹ್ನ ಆ ಫೈಲನ್ನೂ ತಂದು ಪಕ್ಕದಲ್ಲಿಟ್ಟು ಒತ್ತಿದ. ಸ್ಪೀಕರಿನಿಂದ ನಾದ ಹೊಮ್ಮಿ, ಹರಿದು, ಕೋಣೆಯಲ್ಲೆಲ್ಲ ನೀರಿನ ಹಾಗೆ ನಿಂತಿತು. ಎರ್ರೆಮ್ಮ ಎದ್ದು ಕೂತಳು.

"ಇದು ಎಲ್ಲಿತ್ತಲೇ?"

"ನನ್ನ ನಿದ್ದ್ಯಾಗಿತ್ತು, ಅತ್ತಿ."

ಅವಳು ನಗಲಿಲ್ಲ. ಮೊದಲು ಮೂಗಿನಲ್ಲೇ ಗುನುಗಿದಳು. ಆಮೇಲೆ ಬಾಯಿ ತೆರೆದು ಬಯಲಾಟದ ಪದವೊಂದನ್ನು ಎತ್ತಿಕೊಂಡಳು. ಧ್ವನಿ ಒಡೆದಿತ್ತು, ಆದರೂ ಹಳೆಯ ಜಾಗದಲ್ಲೇ ಹೋಗಿ ಕೂತಿತು.

ಪದದ ನಡುವೆ ಕರೆಂಟು ಹೋಯಿತು. ಫ್ಯಾನು ನಿಂತಿತು, ಪರದೆ ಆರಿತು, ಸ್ಪೀಕರು ಸುಮ್ಮನಾಯಿತು. ಎರ್ರೆಮ್ಮ ಕಣ್ಣು ತೆರೆಯಲಿಲ್ಲ. ಹಾಡು ಎಲ್ಲೂ ತುಂಡಾಗಲಿಲ್ಲ. ಸ್ವಲ್ಪ ಹೊತ್ತಿಗೆ ಫ್ಯಾನು ಮತ್ತೆ ತಿರುಗಿತು. ಕಂಪ್ಯೂಟರಿನ ಗುಂಡಿಗೆ ಕೈ ಹಾಕಹೋದ ರೇಣುಕಾದೇವಿಗೆ ಹುಲುಗೇಶ ಬೇಡವೆಂದು ಸನ್ನೆ ಮಾಡಿದ. ಗೋಡೆಗೆ ಒರಗಿ ಕಾಲು ಚಾಚಿದ. ಪದ ಮುಗಿಯುವ ಮೊದಲೇ ಅವನಿಗೆ ನಿದ್ದೆ ಹತ್ತಿತು.