ಕಲಾಯಿಗಾರನ ಚೀಟಿ

ಫ್ಯಾನ್ ಗಾಳಿಗೆ ನಿಘಂಟಿನ ಚೀಟಿ ಮತ್ತೆ ಮಗುಚಿಕೊಂಡಿತು, ಹಾಳಾದ್ದು, ಮೂರನೇ ಸಲ, ಅವಳು ಮೊಳಕೈಯಿಂದ ಒತ್ತಿ ಹಿಡಿದಳು — ಕಲಾಯಿಗಾರ, ನಾಮಪದ, ತಾಮ್ರ ಹಿತ್ತಾಳೆ ಪಾತ್ರೆಗಳ ಒಳಗೆ ತವರ ಬಳಿಯುವವನು — ಬಳಿಯುವವನಂತೆ, ಗೋಡೆಗೆ ಸುಣ್ಣ ಬಳಿದ ಹಾಗೆ, ಈ ಅರ್ಥ ಬರೆದ ಪುಣ್ಯಾತ್ಮ ಒಂದು ಪಾತ್ರೆಯನ್ನಾದರೂ ಕಾಯಿಸಿ ನೋಡಿದವನಲ್ಲ. ತಿದಿ ಒತ್ತಿ ಕೆಂಡಕ್ಕೆ ಗಾಳಿ ಊದಬೇಕು, ಪಾತ್ರೆ ಹದವಾಗಿ ಕಾಯಬೇಕು, ನವಸಾಗರದ ಪುಡಿ ಚೆಲ್ಲಿದರೆ ಬಿಳಿ ಹೊಗೆ ಭುಸ್ಸೆಂದು ಎದ್ದು ಕಣ್ಣು ಮೂಗೆಲ್ಲ ಉರಿ, ಆ ಹೊಗೆಯೊಳಗೇ ತವರದ ಕಡ್ಡಿ ತಾಗಿಸಿ ಹತ್ತಿಯುಂಡೆಯಿಂದ ಸರಸರನೆ ಒರೆಸಬೇಕು, ತಡವಾದರೆ ಕೆಟ್ಟಿತು, ಆಮೇಲೆ ನೀರಲ್ಲಿ ಚೊಂಯ್ ಅನ್ನಿಸಿ ಪಾತ್ರೆ ಓರೆ ಮಾಡಿ ಅಪ್ಪ ಕರೆಯುತ್ತಿದ್ದ, ಬಾರೇ ಇಲ್ಲಿ, ಮುಖ ಕಾಣತ್ತಾ ನೋಡು, ಕಂಡ್ರೆ ಕೆಲಸ ಸರಿ ಅಂತ — ಬೆಳ್ಳನೆಯ ತಳದಲ್ಲಿ ಎರಡು ಮುಖ, ಅವಳದು, ಅವಳ ಹೆಗಲ ಮೇಲಿಂದ ಅಪ್ಪನದು, ಮಸಿ ಮೆತ್ತಿಕೊಂಡು. ಆಲೂಗಡ್ಡೆ ಮೂಗು ಕಣೇ ನಿಂದು. ನಿನ್ನದೇ ಅಚ್ಚು ಬಿಡಪ್ಪ.

ಸಂಪಾದಕರು ಬಾಗಿಲಿಂದ ತಲೆ ಹಾಕಿದರು, ಮೇಡಂ, ಹಳೇ ಕಸುಬುಗಳ ಕಟ್ಟು ಇವತ್ತೇ ಮುಗಿಸಿಬಿಡಿ, ನಿಘಂಟಲ್ಲಿ ಜಾಗ ಇಲ್ಲ, ಬಳಕೆ ಬಲ್ಲವರು ಯಾರೂ ಸಿಗದಿದ್ರೆ ಕೆಂಪು ಗೆರೆ ಎಳೀರಿ, ಹಳೇ ಪದಕ್ಕೆಲ್ಲ ಪಿಂಚಣಿ ಕೊಡೋಕಾಗತ್ತಾ — ನಕ್ಕು ಹೋದರು, ಒಳ್ಳೆಯ ಮನುಷ್ಯ, ಅವರಿಗೇನು ಗೊತ್ತು. ಚೀಟಿಯ ಕೆಳಗೆ ಎರಡು ಖಾಲಿ ಸಾಲು, ಬಳಕೆ ಬಲ್ಲವರು, ಹೇಗೆ ಬಲ್ಲರು. ಬೀದಿದೀಪ ಹಚ್ಚುವವ, ಡಂಗುರ ಸಾರುವವ, ತೊಗಲ ಚೀಲದಲ್ಲಿ ನೀರು ಹೊರುವವ, ಬೆಳಗಿನಿಂದ ಎಲ್ಲರ ಮೇಲೂ ಸರಾಗ ಗೆರೆ ಎಳೆದಳು, ಇಲ್ಲಿ ಮಾತ್ರ — ಶಾಲೆಯ ಗೇಟು, ಸುಡುಬಿಸಿಲು, ಹೊಸ ಗೆಳತಿಯರು, ಬೀದಿಯ ತಿರುವಿಂದ ಅದೇ ಕೂಗು, ಪಾತ್ರೆಗೆ ಕಲಾಯ್, ಹೆಗಲ ಮೇಲೆ ತಿದಿ, ಅವಳನ್ನು ಕಂಡದ್ದೇ ಅಪ್ಪನ ಮುಖವೆಲ್ಲ ಹಲ್ಲು, ಯಾರೇ ಅದು, ನಿನ್ನನ್ನೇ ನೋಡಿ ನಗ್ತಿದಾನೆ, ಗೊತ್ತಿಲ್ಲ, ಯಾರೋ ಕಲಾಯಿಯವನು — ಅಷ್ಟೇ ಅವಳು ಅಂದದ್ದು, ಕೇಳಿಸಿತು ಅವನಿಗೆ, ಕೇಳಿಸದೆ ಏನು, ಮೂರೇ ಮಾರು ದೂರ. ಮನೆಯಲ್ಲಿ ಎರಡೇಟು ಹಾಕಿದ್ದರೆ ಎಷ್ಟೋ ಚೆನ್ನಾಗಿತ್ತು, ಆದರೆ ಪಾತ್ರೆ ಓರೆ ಮಾಡಿ ಕರೆಯುವುದನ್ನು ಬಿಟ್ಟ, ಒಬ್ಬನೇ ನೋಡಿ ಬದಿಗಿಡುತ್ತಿದ್ದ, ಆಮೇಲೆ ಸ್ಟೀಲು ಬಂತು, ತಿದಿ ತೂತಾಯಿತು, ಅಪ್ಪನೂ ಹೋದ, ಅವಳ ಒಂಟಿ ಕೋಣೆಯಲ್ಲಿ ಒಂದು ತಾಮ್ರದ ತಂಬಿಗೆಯೂ ಇಲ್ಲ, ಇದನ್ನೆಲ್ಲ ಹೇಳಿಕೊಳ್ಳಲು ಒಂದು ನರಪಿಳ್ಳೆಯೂ ಇಲ್ಲ.

ಮೊದಲ ಸಾಲಲ್ಲಿ ತನ್ನ ಹೆಸರು ಬರೆದಳು, ಸಲೀಸಾಗಿ, ಎರಡನೆಯದಕ್ಕೆ, ಹೇಗೆ ಬಲ್ಲರು, ಪೆನ್ನು ನಿಂತಿತು, ಸಂಪಾದಕರು ಯಾವಾಗ ಬಂದರೋ, ಹೆಗಲ ಮೇಲಿಂದ ಇಣುಕಿ, ಓ, ಕಲಾಯಿಗಾರ, ಯಾರಾದ್ರೂ ಗೊತ್ತಾ ಮೇಡಂ ನಿಮಗೆ — ಗೊತ್ತಿಲ್ಲ ಯಾರೋ ಎಂಬುದು ನಾಲಿಗೆ ತುದಿಗೇ ಬಂತು, ಇಷ್ಟು ವರ್ಷವೂ ಅಲ್ಲೇ ಕೂತಿತ್ತೇನೋ, ನುಂಗಿಕೊಂಡಳು, ನಮ್ಮಪ್ಪ, ಅಂದಳು, ಮತ್ತೆ ಗಟ್ಟಿಯಾಗಿ, ನಮ್ಮಪ್ಪ ಕಲಾಯಿಯವನು, ಮೂರು ಮಾರು ದೂರಕ್ಕೂ ಕೇಳಿಸುವಷ್ಟು ಗಟ್ಟಿಯಾಗಿ, ಎರಡನೇ ಸಾಲಲ್ಲಿ ಮಗಳು ಎಂದು ಬರೆದಳು, ಅಯ್ಯೋ ಮೊದಲೇ ಹೇಳಬಾರದಾ ಮೇಡಂ, ಹಾಗಾದ್ರೆ ಇರಲಿ ಬಿಡಿ ಪದ, ಇರಲಿ, ಅದರ ಹಿಂದೆಯೇ ಅಪ್ಪನ ದನಿ, ಬಾರೇ ಇಲ್ಲಿ, ಮುಖ ಕಾಣತ್ತಾ ನೋಡು — ಓರೆ ಮಾಡಿದ ಪಾತ್ರೆ, ಬೆಳ್ಳನೆಯ ತಳ, ಅವಳ ಮುಖ, ಅವಳೊಬ್ಬಳದೇ ಮುಖ